ಹಂಪೆಯ ಕಲ್ಲಿನ ನಾದವೂ ವಿದ್ಯಾನಗರದ ವೀಣೆಯೂ

ಹೊಸಪೇಟೆಯಿಂದ ಹಂಪೆಗೆ ಹೋದ ಯಾತ್ರಿಕರು ವಿಠ್ಠಲ ದೇವಾಲಯದ ಮಹಾಮಂಟಪವನ್ನು ನೋಡದೆ ಹಿಂದಿರುಗುವುದಿಲ್ಲ. ಅಲ್ಲಿಯ ಕಂಬಗಳಿಗೆ ಸಪ್ತಸ್ವರದ ಕಂಬಗಳೆಂಬ ಹೆಸರು ಜನಜನಿತವಾಗಿದೆ. ಒಂದು ಮೃದಂಗ, ಒಂದು ಜಲತರಂಗ, ಮತ್ತೊಂದು ವೀಣೆ ಎಂದು ದಾರಿ ತೋರುವವರು ವರ್ಣಿಸುವರು. ಉಪಾಧ್ಯಾಯನಾಗಿದ್ದಾಗ ನಾನೂ ಬಾಲಕರನ್ನು ಕರೆದೊಯ್ದು ಇದನ್ನೇ ಹೇಳಿ, ಬೆರಳಿನಿಂದ ಕಲ್ಲನ್ನು ತಟ್ಟಿಸಿದ್ದುಂಟು. ಈಗ ತಟ್ಟುವುದು ನಿಷಿದ್ಧ, ಯೋಗ್ಯವೇ ಸರಿ. ಆದರೆ ಅಂದು ಒಬ್ಬ ಬಾಲಕನು, "ಇದು ಯಾವ ಜಾತಿಯ ವಾದ್ಯ, ಗುರುಗಳೇ?" ಎಂದು ಕೇಳಿದನು. ಉತ್ತರ ತೋಚದೆ ಗದರಿಸಿ ಸುಮ್ಮನಾಗಿಸಿದೆನು. ಆ ಋಣ ಇನ್ನೂ ತೀರಿಲ್ಲ.

ಭರತಮುನಿಯು ವಾದ್ಯಗಳನ್ನು ತತ, ಅವನದ್ಧ, ಘನ, ಸುಷಿರವೆಂದು ನಾಲ್ಕಾಗಿ ವಿಭಾಗಿಸಿರುವನು. ತಂತಿ ಬಿಗಿದದ್ದು ತತ. ಚರ್ಮ ಹೊದಿಸಿದ್ದು ಅವನದ್ಧ. ತಾಳದಂತೆ ತನ್ನ ಗಟ್ಟಿ ಮೈಯಿಂದಲೇ ನುಡಿಯುವುದು ಘನ. ರಂಧ್ರದಲ್ಲಿ ಉಸಿರು ಹಾಯಿಸಿ ನುಡಿಸತಕ್ಕದ್ದು ಸುಷಿರ. ನಾದವು ಯಾವುದರಿಂದ ಹುಟ್ಟುವುದೆಂಬ ಒಂದೇ ಪ್ರಶ್ನೆಯ ಮೇಲೆ ನಿಂತ ವಿಭಾಗವಿದು. ಪಾಶ್ಚಾತ್ಯರ ವಾದ್ಯವೃಂದದಲ್ಲಿ ತಂತಿವಾದ್ಯ, ಮರದ ಊದುವಾದ್ಯ, ಹಿತ್ತಾಳೆಯ ಊದುವಾದ್ಯ, ಬಡಿಯುವ ವಾದ್ಯವೆಂಬ ನಾಲ್ಕು ಕುಟುಂಬಗಳುಂಟು. ಇಲ್ಲಿ ಒಮ್ಮೆ ದ್ರವ್ಯವನ್ನೂ ಒಮ್ಮೆ ನುಡಿಸುವ ಬಗೆಯನ್ನೂ ಹಿಡಿದಿರುವುದರಿಂದ, ಹಿತ್ತಾಳೆಯಲ್ಲಿ ಮಾಡಿದ ಸ್ಯಾಕ್ಸೊಫೋನು ಮರದ ಗುಂಪಿಗೆ ಸೇರುವ ವಿಚಿತ್ರವು ಒದಗಿದೆ. ಬ್ರಸೆಲ್ಸ್ ನಗರದ ಮಾಹಿಯೋಂ ಎಂಬ ಪಂಡಿತನು ಕಲಕತ್ತೆಯ ಶೌರೀಂದ್ರಮೋಹನ ಠಾಕೂರರು ಕಳುಹಿಸಿದ ಭಾರತೀಯ ವಾದ್ಯಗಳನ್ನು ಕಂಡವನು; 1880ರಲ್ಲಿ ತನ್ನ ಸಂಗ್ರಹಾಲಯದ ಪಟ್ಟಿಯನ್ನು ಹೊರತಂದಾಗ ನಮ್ಮ ಚತುರ್ವಿಧ ಕ್ರಮವನ್ನೇ ಅನುಸರಿಸಿದನು. 1914ರಲ್ಲಿ ಹಾರ್ನ್‌ಬಾಸ್ಟೆಲ್ ಮತ್ತು ಸಾಕ್ಸ್ ಎಂಬುವರು ಅದನ್ನೇ ವಿಸ್ತರಿಸಿದರು.

ಹೆಸರನ್ನು ನಂಬಿದರೆ ಮೋಸ ಹೋಗುವೆವು. ನಮ್ಮ ಸೀಮೆಯ ದೊಡ್ಡಾಟದ ಹಿಮ್ಮೇಳದಲ್ಲಿ ಮದ್ದಳೆ ತಾಳಗಳೊಡನೆ ಕೇಳಿಬರುವ ಮುಖವೀಣೆಯು ಹೆಸರಿನಲ್ಲಿ ವೀಣೆ, ಜಾತಿಯಲ್ಲಿ ಸುಷಿರ.

ಇನ್ನು ಕಂಬಗಳ ವಿಷಯ. ಅವು ಒಳಗೆ ಟೊಳ್ಳೆಂಬ ನಂಬಿಕೆ ಬಹುಕಾಲ ಇದ್ದಿತು. ಕಲ್ಪಾಕ್ಕಮಿನ ವಿಜ್ಞಾನಿಗಳು ಪರೀಕ್ಷಿಸಿ 2008ರಲ್ಲಿ ಪ್ರಕಟಿಸಿದಂತೆ ಅವು ಗಟ್ಟಿ ಶಿಲೆಯೇ. ತಟ್ಟಿದಾಗ ಕಂಬದ ಮೈಯೇ ಬಾಗಿ ಕಂಪಿಸಿ ನಾದ ಕೊಡುವುದು. ಆದುದರಿಂದ ಮೃದಂಗವೂ ಅಲ್ಲ, ವೀಣೆಯೂ ಅಲ್ಲ, ಘನವಾದ್ಯ. ಬಾಲಕನಿಗೆ ಹೇಳಬೇಕಾಗಿದ್ದುದು ಇಷ್ಟೇ.

ಆದರೆ ಹಂಪೆಯ ಸಂಗೀತವನ್ನು ಕಲ್ಲಿನಲ್ಲಿಯೇ ಹುಡುಕುವುದು ಅರ್ಧ ಮಾತು. ಹಜಾರರಾಮ ದೇವಾಲಯದ ಪ್ರಾಕಾರದ ಮೇಲೆ ಆನೆ, ಕುದುರೆ, ಪದಾತಿಗಳ ಸಾಲಿನೊಡನೆ ನರ್ತಕಿಯರೂ ವಾದ್ಯಗಾರರೂ ಕೆತ್ತಲ್ಪಟ್ಟಿರುವರು. ಅವರು ಏನು ನುಡಿಸಿದರೆಂಬುದನ್ನು ಗ್ರಂಥಗಳಿಂದ ತಿಳಿಯಬೇಕು. ಶಾರ್ಙ್ಗದೇವನ ಸಂಗೀತರತ್ನಾಕರಕ್ಕೆ ಕಲ್ಲಿನಾಥನು 15ನೆಯ ಶತಮಾನದಲ್ಲಿ ಕಲಾನಿಧಿಯೆಂಬ ವ್ಯಾಖ್ಯಾನವನ್ನು ಬರೆದುದು ಇದೇ ವಿಜಯನಗರದಲ್ಲಿ. ರತ್ನಾಕರದಲ್ಲಿ ಉತ್ತಮ ಗಾಯಕವೃಂದದ ಲೆಕ್ಕವುಂಟು: ಮುಖ್ಯ ಗಾಯಕರು 4, ಸಮಗಾಯಕರು 8, ಗಾಯಿಕೆಯರು 12, ಕೊಳಲಿನವರು 4, ಮೃದಂಗದವರು 4; ಒಟ್ಟು 32. ವಾದ್ಯಮೇಳವೆಂಬುದನ್ನು ಹೊರಗಿನವರು ಕಲಿಸಿದರೆನ್ನುವವರು ಇದನ್ನು ಗಮನಿಸಬೇಕು.

ಬರೆಯುವ ಕ್ರಮದಲ್ಲಿಯೂ ಭೇದವುಂಟು. ಪಾಶ್ಚಾತ್ಯರು ಐದು ಗೆರೆಗಳ ಮೇಲೆ ಸ್ವರ ಬರೆದು, ಯಾವ ಗೆರೆ ಯಾವ ಸ್ವರವೆಂದು ತಿಳಿಸಲು ಮೊದಲಲ್ಲಿ ಕ್ಲೆಫ್ ಎಂಬ ಚಿಹ್ನೆ ಹಾಕುವರು. ಪಿಟೀಲಿಗೆ ಒಂದು, ಅದಕ್ಕಿಂತ ದೊಡ್ಡ ವಿಯೋಲಕ್ಕೆ ಇನ್ನೊಂದು, ತಗ್ಗಿನ ಚೆಲ್ಲೋವಿಗೆ ಮತ್ತೊಂದು. ನಮಗೆ ಷಡ್ಜವು ಗಾಯಕನ ಕಂಠ ನಿಂತಲ್ಲಿ ನಿಲ್ಲುವುದರಿಂದ ಮಂದ್ರ, ಮಧ್ಯ, ತಾರವೆಂಬ ಸ್ಥಾನ ತಿಳಿದರೆ ಸಾಕು. ಶಾರ್ಙ್ಗದೇವನು ಮಂದ್ರಸ್ವರದ ತಲೆಯ ಮೇಲೆ ಬಿಂದುವನ್ನೂ ತಾರಕ್ಕೆ ಊರ್ಧ್ವರೇಖೆಯನ್ನೂ ವಿಧಿಸಿರುವನು. ಇಂದು ಮೇಲಿನ ಬಿಂದು ತಾರವನ್ನು ಸೂಚಿಸುವುದು! ಹಳೆಯ ಪ್ರತಿಯನ್ನು ಓದುವವನು ಇಂದಿನ ವಾಡಿಕೆಯನ್ನು ನೆಚ್ಚಿದರೆ ರಾಗವು ತಲೆಕೆಳಗಾಗುವುದು.

ಎಲ್ಲಕ್ಕಿಂತ ಮಿಗಿಲಾದುದು ರಾಮಾಮಾತ್ಯನ ಸ್ವರಮೇಲಕಲಾನಿಧಿ. ಅಳಿಯ ರಾಮರಾಯನಿಗಾಗಿ 1550ರಲ್ಲಿ ರಚಿತವಾದ ಈ ಗ್ರಂಥದಲ್ಲಿ ಒಂದು ಪ್ರಕರಣವೆಲ್ಲ ವೀಣೆಗೆ ಮೀಸಲು. ಶುದ್ಧಮೇಲ, ಮಧ್ಯಮೇಲ, ಅಚ್ಯುತರಾಜಮೇಲವೆಂದು ಮೂರು ವೀಣೆಗಳು; ಕಡೆಯದು ಅಚ್ಯುತರಾಯನ ಹೆಸರಿನದು. ಶುದ್ಧಮೇಲದ ನಾಲ್ಕು ತಂತಿಗಳಲ್ಲಿ ಮೊದಲನೆಯದು ಅನುಮಂದ್ರ ಷಡ್ಜ, ಎರಡನೆಯದು ಅನುಮಂದ್ರ ಪಂಚಮ, ಮೂರನೆಯದು ಮಂದ್ರ ಷಡ್ಜ, ನಾಲ್ಕನೆಯದು ಮಂದ್ರ ಮಧ್ಯಮ. ಮೊದಲನೆಯ ತಂತಿಯ ಕೆಳಗೆ ಆರು ಮೆಟ್ಟುಗಳನ್ನು ಕ್ರಮವಾಗಿ ನಿಲ್ಲಿಸಿದರೆ, ಅವೇ ಮೆಟ್ಟುಗಳು ಉಳಿದ ತಂತಿಗಳಿಗೂ ಸ್ವರವೀಯುವುವು. ಪಂಚಮದ ತಂತಿಯನ್ನು ಐದನೆಯ ಮೆಟ್ಟಿನಲ್ಲಿ ಒತ್ತಿದರೆ ಷಡ್ಜ. ಮೂರನೆಯ ತಂತಿಯನ್ನು ಒತ್ತದೆ ಮೀಟಿದರೂ ಅದೇ ಷಡ್ಜ. ಎರಡೂ ಕೂಡಿದರೆ ವೀಣೆ ಸರಿಯಾಗಿದೆ. ಮೆಟ್ಟುಗಳು ಸ್ಥಿರವಾಗಿದ್ದು ಎಲ್ಲ ರಾಗಗಳಿಗೂ ಒದಗಿದರೆ ಸರ್ವರಾಗಮೇಲವೀಣೆ. ಒಂದೊಂದು ರಾಗಕ್ಕೂ ಸರಿಸಬೇಕಾದರೆ ಏಕರಾಗಮೇಲವೀಣೆ.

ಗ್ರಂಥ ಮುಗಿದ 15 ವರ್ಷಕ್ಕೆ, 1565ರಲ್ಲಿ, ರಾಮರಾಯನು ಯುದ್ಧದಲ್ಲಿ ಮಡಿದನು, ನಗರವು ಹಾಳಾಯಿತು. ವೀಣೆಯ ಶಾಸ್ತ್ರವು ತಂಜಾವೂರಿಗೆ ಸಾಗಿತು. ಅಲ್ಲಿ ರಘುನಾಥನಾಯಕನ ಹೆಸರಿನ ವೀಣೆಗೆ 24 ಸ್ಥಿರ ಮೆಟ್ಟುಗಳಾದುವು. ವೆಂಕಟಮಖಿಯು ರಾಮಾಮಾತ್ಯನನ್ನು ಕಟುವಾಗಿ ಖಂಡಿಸಿದನು. ಸ್ವರಮೇಲಕಲಾನಿಧಿಯು 1932ರಲ್ಲಿ ಅಣ್ಣಾಮಲೈ ವಿಶ್ವವಿದ್ಯಾನಿಲಯದಿಂದ ಅಚ್ಚಾಯಿತು. ಆ ಆರು ಮೆಟ್ಟುಗಳ ವಿಧಿ ಅದರಲ್ಲಿ ಪೂರ್ಣವಾಗಿದೆ. ಬಲ್ಲ ಬಡಗಿಯೂ ಬಲ್ಲ ವೈಣಿಕನೂ ಕೂಡಿದರೆ ಆ ವೀಣೆಯನ್ನು ಇಂದಿಗೂ ಕಟ್ಟಬಹುದು.