ರಾಳ, ಮೀನೆಣ್ಣೆ ಮತ್ತು ಟ್ಯೂಬಿನ ಅಂಟು

ನಮ್ಮ ತೋಡಾರಿನಲ್ಲಿ ಸಮುದ್ರ ಇಲ್ಲ. ಆದರೂ ದೋಣಿ ಬಗ್ಗೆ ಬರೆಯುತ್ತಿದ್ದೇನೆ, ಸ್ವಲ್ಪ ಸಹಿಸಿಕೊಳ್ಳಿ :)

ವಿಷಯ ಇಷ್ಟೇ. ಮಲ್ಪೆಯ ಗೆಳೆಯನೊಬ್ಬನ ಮನೆಯವರದು ಹಳೆಯ ಮರದ ಬೋಟು. ಡೆಕ್ಕಿನ ಮೇಲಿನ ಮರದ ಮುಚ್ಚಳಕ್ಕೆ ಬೆಳಕಿಗೆಂದು ಗಾಜು ಕೂರಿಸಿದ್ದಾರೆ, ಅದರ ಅಂಚಿನಿಂದ ನೀರು ಇಳಿಯುತ್ತಿದೆ. ಗಾಜಿನಡಿ ನೀರು ನಿಂತರೆ ಚೌಕಟ್ಟು ಕೊಳೆಯುತ್ತದೆ. ಟ್ರಾಲ್ ಬೋಟುಗಳಿಗೆ ಮಳೆಗಾಲದ ರಜೆ ಜೂನ್ 1ರಿಂದ ಜುಲೈ 31ರವರೆಗೆ, ರಿಪೇರಿ ಏನಿದ್ದರೂ ಅಷ್ಟರೊಳಗೆ ಮುಗಿಯಬೇಕು. "ನೀನು ಇಂಜಿನಿಯರ್ ಅಲ್ವಾ ಮಾರಾಯ, ಯಾವ ಅಂಟು ಹಾಕುವುದು ಹೇಳು" ಅಂದ. ನಾನು ಬರೆಯುವುದು ಜಾವಾ ಕೋಡು! ಆದರೂ ಹುಡುಕುತ್ತಾ ಹೋದೆ, ಸಿಕ್ಕಿದ್ದು ಇತಿಹಾಸ.

1183ರಲ್ಲಿ ಕೆಂಪು ಸಮುದ್ರ ದಾಟಿದ ಯಾತ್ರಿಕ ಇಬ್ನ್ ಜುಬೈರ್ ಅಲ್ಲಿಯ ದೋಣಿಗಳನ್ನು ವರ್ಣಿಸಿದ್ದಾನೆ. ಮೊಳೆಯೇ ಇಲ್ಲ, ತೆಂಗಿನ ನಾರಿನ ಹಗ್ಗದಿಂದ ಹಲಗೆಗಳನ್ನು ಹೊಲಿದದ್ದು. ಮರವೂ ನಾರೂ ಭಾರತ ಮತ್ತು ಯೆಮನ್ ಕಡೆಯಿಂದ ಹೋಗುತ್ತಿದ್ದವು. ಹೊಲಿದ ಮೇಲೆ ತುಪ್ಪವನ್ನೋ ಹರಳೆಣ್ಣೆಯನ್ನೋ ಬಳಿಯುತ್ತಿದ್ದರು, ಎಲ್ಲಕ್ಕಿಂತ ಒಳ್ಳೆಯದು ಶಾರ್ಕಿನ ಎಣ್ಣೆ. ಯಾಕೆಂದರೆ ಬಂಡೆಗೆ ತಾಗಿದರೆ ಮರ ಬಾಗಬೇಕು, ಒಡೆಯಬಾರದು. 1342ರ ಸುಮಾರಿಗೆ ನಮ್ಮ ಮಂಗಳೂರಿಗೇ ಬಂದ ಇಬ್ನ್ ಬತೂತನೂ ಹೊಲಿದ ಹಡಗುಗಳ ಬಗ್ಗೆ ಹೇಳುವುದು ಇದನ್ನೇ.. ಕಬ್ಬಿಣದ ಮೊಳೆ ಹೊಡೆದದ್ದು ಬಂಡೆಗೆ ಬಡಿದು ಒಡೆಯುತ್ತದೆ, ಹಗ್ಗ ಸಡಿಲ ಕೊಡುತ್ತದೆ.

ನಮ್ಮ ಕರಾವಳಿಯಲ್ಲಿ ಈ ಕೆಲಸಕ್ಕೆ ಬಂದದ್ದು ಘಟ್ಟದ ಧೂಪದ ಮರ. ಅದರ ರಾಳವನ್ನು ಎಣ್ಣೆಯಲ್ಲಿ ಕಾಯಿಸಿ, ಹಲಗೆ ಸಂದಿಗೆ ನಾರು ಅಥವಾ ಹತ್ತಿ ತುರುಕಿ ಅದರ ಮೇಲೆ ಮೆತ್ತುತ್ತಿದ್ದರು. ಬರೀ ರಾಳ ಗಾಜಿನ ಹಾಗೆ ಪುಡಿಯಾಗುತ್ತದೆ, ಎಣ್ಣೆ ಅದನ್ನು ಮೆತ್ತಗಿಡುತ್ತದೆ. ಪೋರ್ಚುಗೀಸರು ತಂದ ಗೇರಿನ ಬೀಜದ ಸಿಪ್ಪೆಯ ಎಣ್ಣೆಯೂ ಆಮೇಲೆ ದೋಣಿಗೆ ಹತ್ತಿತು. ಕೈಗೆ ತಾಗಿದರೆ ಬೊಬ್ಬೆ ಏಳುವ ಆ ಎಣ್ಣೆ ಮರಕ್ಕೆ ಮಾತ್ರ ಒಳ್ಳೆಯದು.

ಇಷ್ಟರಲ್ಲಿ ಗಾಜು ಎಲ್ಲೂ ಇಲ್ಲ ನೋಡಿ. ನಮ್ಮ ಹಂಚಿನ ಮನೆಗಳಲ್ಲಿ ಬೆಳಕಿಗೆ ಗಾಜಿನ ಹಂಚು ಇಡುತ್ತೇವೆ (ಬಾಸೆಲ್ ಮಿಶನ್‌ನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದದ್ದು 1865ರಲ್ಲಿ), ಅದಕ್ಕೆ ಅಂಟೇ ಬೇಡ. ಒಂದರ ಮೇಲೊಂದು ಹಂಚು, ನೀರು ಕೆಳಕ್ಕೆ ಜಾರುತ್ತದೆ, ಮುಗಿಯಿತು. ಬೋಟಿನಲ್ಲಿ ನೀರು ನಾಲ್ಕೂ ಕಡೆಯಿಂದ ಹೊಡೆಯುತ್ತದಲ್ಲ! ಅಲ್ಲಿ ಬಹುಕಾಲ ನಡೆದದ್ದು ಅಗಸೆ ಎಣ್ಣೆಗೆ ಸೀಮೆಸುಣ್ಣದ ಪುಡಿ ಕಲಸಿದ ಪುಟ್ಟಿ. ಮನೆಯ ಕಿಟಕಿಗೆ ಅದು ಸಾಕು. ಆದರೆ ಅದು ಗಟ್ಟಿಯಾಗುತ್ತಲೇ ಹೋಗುತ್ತದೆ. ಮರ ಮಳೆಗೆ ಹಿಗ್ಗಿ ಬಿಸಿಲಿಗೆ ಕುಗ್ಗುವಾಗ ಗಾಜು ಅಲ್ಲಾಡುವುದಿಲ್ಲ, ನಡುವಿನ ಪುಟ್ಟಿ ಬಿರಿಯುತ್ತದೆ.

1920ರ ದಶಕದಲ್ಲಿ ಅಮೆರಿಕದಲ್ಲಿ ಪಾಲಿಸಲ್ಫೈಡ್ ಎಂಬ ರಬ್ಬರ್ ಹುಟ್ಟಿತು, ಎರಡನೇ ಮಹಾಯುದ್ಧದಲ್ಲಿ ವಿಮಾನದ ಇಂಧನ ಟ್ಯಾಂಕ್ ಮುಚ್ಚಲು ಬಳಸಿದರು. ಗಾಜು ಮತ್ತು ಮರಕ್ಕೆ ನನ್ನ ಓಟು ಅದಕ್ಕೇ. ಪಾಲಿಯುರಿಥೇನ್ ಹಿಡಿತ ಜೋರು, ಆದರೆ ಗಾಜಿನ ಮೂಲಕ ಬೀಳುವ ಬಿಸಿಲು ಆ ಹಿಡಿತವನ್ನೇ ಬಿಡಿಸುತ್ತದೆ (ಕಾರಿನ ಮುಂದಿನ ಗಾಜಿನ ಅಂಚಿಗೆ ಕಪ್ಪು ಪಟ್ಟಿ ಇರುವುದು ಇದಕ್ಕೇ). ಸಿಲಿಕೋನ್ ಬಿಸಿಲಿಗೆ ಬಗ್ಗುವುದಿಲ್ಲ, ಆದರೆ ಅದು ತಾಗಿದ ಮರಕ್ಕೆ ಮುಂದೆ ಪೇಂಟು ಹಿಡಿಯುವುದಿಲ್ಲ. ಗಾಜಿನ ಬದಲು ಪಾಲಿಕಾರ್ಬೊನೇಟ್ ಹಾಕಿದ್ದರೆ ಲೆಕ್ಕ ಉಲ್ಟಾ, ಪಾಲಿಸಲ್ಫೈಡ್ ಅದನ್ನೇ ತಿನ್ನುತ್ತದೆ.

ಗೆಳೆಯನಿಗೆ ಇನ್ನೊಂದು ಮಾತನ್ನೂ ಹೇಳಿದೆ: ಸ್ಕ್ರೂ ಬಿಗಿದು ಅಂಟನ್ನೆಲ್ಲ ಹೊರಗೆ ಹಿಂಡಬೇಡಿ, ಎರಡು ಮೂರು ಮಿಲಿಮೀಟರ್ ದಪ್ಪ ಒಳಗೆ ಉಳಿಯಲಿ, ಹಿಗ್ಗಲು ಜಾಗ ಬೇಕು. ಅವರ ಆಚಾರಿಗಳು ಒಪ್ಪಿದ್ದಾರೆ. ಚೌಕಟ್ಟು ಪೂರ್ತಿ ಒಣಗದೆ ಗಾಜು ಮುಟ್ಟುವುದಿಲ್ಲವೆಂದು ಕೂತಿದ್ದಾರಂತೆ, ಹೊರಗೆ ಜಡಿಮಳೆ.