ಹಿತ್ತಾಳೆಯಲ್ಲಿ ಉಳಿದ ತೂತುಗಳು

ಹಳೆಯ ಗಡಿಯಾರಗಳ ಫೋಟೊ ತೆಗೆಯುವ ಹವ್ಯಾಸದವರು ಡಯಲ್ ಒಂದನ್ನೇ ತೆಗೆದು ಸುಮ್ಮನಾಗುವುದಿಲ್ಲ. ಪೆಟ್ಟಿಗೆ ಬಿಚ್ಚಿ ಒಳಗಿನ ಯಂತ್ರಕ್ಕೂ ಕ್ಯಾಮೆರಾ ಹಿಡಿಯುತ್ತಾರೆ. ಡಯಲನ್ನು ಬದಲಿಸಿರಬಹುದು, ಅದರ ಮೇಲಿನ ಹೆಸರನ್ನು ಆಮೇಲೆ ಬರೆಸಿರಬಹುದು. ಗಡಿಯಾರದ ನಿಜವಾದ ಚರಿತ್ರೆ ಇರುವುದು ಒಳಗೆ.

17ನೇ ಶತಮಾನದ ಇಂಗ್ಲೆಂಡಿನ ಲ್ಯಾಂಟರ್ನ್ ಗಡಿಯಾರಗಳನ್ನೇ ನೋಡಿ. ತೂಗುಬಿಟ್ಟ ಭಾರದಿಂದ ನಡೆಯುವ ಈ ಹಿತ್ತಾಳೆ ಗಡಿಯಾರಗಳ ವೇಗವನ್ನು ಮೊದಲು ಹಿಡಿತದಲ್ಲಿಡುತ್ತಿದ್ದದ್ದು ಅತ್ತಿತ್ತ ಹೊರಳುವ ಒಂದು ಚಕ್ರ. ದಿನಕ್ಕೆ ಹಲವು ನಿಮಿಷ ಹಿಂದುಮುಂದಾಗುವುದು ಮಾಮೂಲು. 1656ರಲ್ಲಿ ಡಚ್ ವಿಜ್ಞಾನಿ ಕ್ರಿಶ್ಚಿಯಾನ್ ಹೈಗೆನ್ಸ್ ಲೋಲಕದ ಗಡಿಯಾರ ರೂಪಿಸಿದ. 1658ರಲ್ಲಿ ಲಂಡನ್ನಿನ ಅಹಾಸ್ಯುರಸ್ ಫ್ರೊಮಂಟೀಲ್ ಅಂಥ ಗಡಿಯಾರಗಳ ಜಾಹೀರಾತು ಕೊಟ್ಟ. ಮುಂದೆ ಉದ್ದನೆಯ ಲೋಲಕ ಬಂದಮೇಲೆ ತಪ್ಪು ಸೆಕೆಂಡುಗಳ ಲೆಕ್ಕಕ್ಕೆ ಇಳಿಯಿತು. ಹಾಗೆಂದು ನಡೆಯುತ್ತಿರುವ ಗಡಿಯಾರವನ್ನು ಯಾರು ಎಸೆಯುತ್ತಾರೆ? ಜನ ಚಕ್ರ ತೆಗೆಸಿ ಲೋಲಕ ಹಾಕಿಸಿಕೊಂಡರು. ಹೀಗಾಗಿ ಮೂಲ ಚಕ್ರವಿರುವ ಲ್ಯಾಂಟರ್ನ್ ಗಡಿಯಾರ ಇಂದು ಅಪರೂಪ. ಆದರೆ ಅದರ ಬಿಡಿಭಾಗಗಳು ಕೂತಿದ್ದ ತೂತುಗಳು ಮೇಲಿನ ತಗಡಿನಲ್ಲಿ ಉಳಿದುಕೊಂಡವು.

ನೇರ ಫ್ಲ್ಯಾಶಿಗೆ ಹಿತ್ತಾಳೆ ಬರೀ ಹೊಳೆಯುತ್ತದೆ. ಬದಿಯಿಂದ ಓರೆಯಾಗಿ ಬೆಳಕು ಬಿಟ್ಟರೆ ಮುಚ್ಚಿದ ತೂತಿನ ಅಂಚು, ಅರದ ಗೀರು, ರಿಪೇರಿಯವರು ಗೀಚಿಟ್ಟ ಹೆಸರು, ಇಸವಿ ಎದ್ದು ಕಾಣುತ್ತವೆ. ಗಟ್ಟಿಯಾಗಿ ಪಾಲಿಷ್ ಹೊಡೆದರೆ ಆ ಗೀಚುಗಳು ಅಳಿಸಿಹೋಗುತ್ತವೆ. ಆಮೇಲೆ ಉಳಿಯುವ ದಾಖಲೆ ಫೋಟೊ ಒಂದೇ.

ಅಜ್ಜನ ಕಾಲದ ಗೋಡೆ ಗಡಿಯಾರ ನಿಮ್ಮ ಮನೆಯಲ್ಲಿದ್ದರೆ, ರಿಪೇರಿಗೆ ಕೊಡುವ ಮುನ್ನ ಬಾಗಿಲು ತೆರೆದು ಒಳಗಿನ ಒಂದೆರಡು ಫೋಟೊ ತೆಗೆದಿಡಿ.