ಬನ್ನೇರುಘಟ್ಟ: ಒಂದು ಕಾಡಿನ ಅಂಚಿನ ಚರಿತ್ರೆ

ಜಯನಗರದಿಂದಲೋ ಜೆ.ಪಿ. ನಗರದಿಂದಲೋ ಬನ್ನೇರುಘಟ್ಟ ರಸ್ತೆ ಹಿಡಿದು ದಕ್ಷಿಣಕ್ಕೆ ಹೊರಟರೆ, ಬಡಾವಣೆಗಳ ಸಾಲು ಮುಗಿಯುತ್ತಿದ್ದಂತೆಯೇ ಕಾಡು ಎದುರಾಗುತ್ತದೆ. ಶಾಲಾ ಪ್ರವಾಸದಲ್ಲಿ ನೀವು ಇಲ್ಲಿ ವಾಹನದೊಳಗೆ ಕುಳಿತು ಹುಲಿ, ಸಿಂಹಗಳನ್ನು ನೋಡಿರಬಹುದು. ಆದರೆ ಆ ಸಫಾರಿ ಬೇಲಿಯೊಳಗಿನದು. ಸಿಂಹವಂತೂ ಈ ಕಾಡಿನ ಪ್ರಾಣಿಯೇ ಅಲ್ಲ. ಭಾರತದಲ್ಲಿ ಅದರ ಸಹಜ ನೆಲೆ ಇಂದು ಗುಜರಾತಿನಲ್ಲಿ ಮಾತ್ರ ಉಳಿದಿದೆ. ಬೇಲಿಯಾಚೆಗಿನ ಬನ್ನೇರುಘಟ್ಟದ ಕಥೆಯೇ ಬೇರೆ.

ವನ್ಯಜೀವಿ ಸಂರಕ್ಷಣಾ ಕಾಯಿದೆ ಜಾರಿಗೆ ಬಂದದ್ದು 1972ರಲ್ಲಿ. 1974ರಲ್ಲಿ ಇಲ್ಲಿನ ಸುಮಾರು 104 ಚದರ ಕಿ.ಮೀ. ಕಾಡನ್ನು ರಾಷ್ಟ್ರೀಯ ಉದ್ಯಾನವೆಂದು ಘೋಷಿಸಲಾಯಿತು. ಮೃಗಾಲಯ ಮತ್ತು ಸಫಾರಿಗಳ ಭಾಗ 2002ರಲ್ಲಿ ಜೈವಿಕ ಉದ್ಯಾನವಾಗಿ ಪ್ರತ್ಯೇಕಗೊಂಡಿತು. 2006ರಲ್ಲಿ ಚಿಟ್ಟೆ ಉದ್ಯಾನ ಸೇರಿತು. 2011ರಲ್ಲಿ ಇನ್ನಷ್ಟು ಮೀಸಲು ಅರಣ್ಯ ಕೂಡಿಕೊಂಡು ರಾಷ್ಟ್ರೀಯ ಉದ್ಯಾನದ ವಿಸ್ತೀರ್ಣ 260.51 ಚದರ ಕಿ.ಮೀ. ಆಯಿತು.

ವಿಸ್ತೀರ್ಣ ಹೆಚ್ಚಿದರೆ ಸಾಕೆ? ಆಕಾರವನ್ನೂ ಗಮನಿಸಬೇಕು. ಬನ್ನೇರುಘಟ್ಟ ಉತ್ತರ-ದಕ್ಷಿಣವಾಗಿ ಚಾಚಿದ, ಅಂಕುಡೊಂಕಾದ ಕಿರಿದಾದ ಕಾಡು. ಒಂದು ಸರಳ ಲೆಕ್ಕ ಮಾಡೋಣ. 104 ಚದರ ಕಿ.ಮೀ. ಕಾಡು ವೃತ್ತಾಕಾರವಾಗಿದ್ದರೆ ಅದರ ತ್ರಿಜ್ಯ ಸುಮಾರು 5.75 ಕಿ.ಮೀ., ಸುತ್ತಳತೆ ಸುಮಾರು 36 ಕಿ.ಮೀ. ಅಷ್ಟೇ ಕಾಡು 26 ಕಿ.ಮೀ. ಉದ್ದ, 4 ಕಿ.ಮೀ. ಅಗಲದ ಪಟ್ಟಿಯಾಗಿದ್ದರೆ ಸುತ್ತಳತೆ 60 ಕಿ.ಮೀ. ಆಗುತ್ತದೆ. ಅಲ್ಲಿ ಎಲ್ಲಿ ನಿಂತರೂ ಅಂಚು 2 ಕಿ.ಮೀ.ಗಿಂತ ದೂರವಿರದು. ತಟ್ಟೆಗೆ ಸುರಿದ ಸಾರು ಪಾತ್ರೆಯಲ್ಲಿರುವ ಸಾರಿಗಿಂತ ಬೇಗ ಆರುವುದು ಏಕೆಂದು ನಿಮಗೆ ಗೊತ್ತು. ಹೊರಗಿನ ಸಂಪರ್ಕಕ್ಕೆ ತೆರೆದ ಮೇಲ್ಮೈ ಹೆಚ್ಚಿದಷ್ಟೂ ಒಳಗಿನದು ಬೇಗ ಬದಲಾಗುತ್ತದೆ. ಕಾಡಿಗೂ ಹಾಗೆಯೇ: ಅಂಚು ಉದ್ದವಾದಷ್ಟೂ ಬೆಳಕು, ಸದ್ದು, ದನಕರು, ಬೆಂಕಿ ಒಳನುಗ್ಗಲು ದಾರಿ ಹೆಚ್ಚು.

ಈ ಅಂಚನ್ನು ದಿನವೂ ಪರೀಕ್ಷೆಗೆ ಒಡ್ಡುವ ಪ್ರಾಣಿ ಆನೆ. ಬೆಳೆದ ಆನೆಗೆ ದಿನಕ್ಕೆ ಸುಮಾರು 150 ಕಿಲೋಗ್ರಾಂ ಮೇವು ಬೇಕು. ಬನ್ನೇರುಘಟ್ಟ ತಮಿಳುನಾಡಿನ ತಳಿ ಭಾಗದ ಕಾಡುಗಳಿಗೂ ಕಾವೇರಿ ವನ್ಯಜೀವಿಧಾಮದ ಕಡೆಗೂ ಹೊಂದಿಕೊಂಡಿರುವುದರಿಂದ ಹಿಂಡುಗಳು ಋತುವಿಗೆ ತಕ್ಕಂತೆ ಓಡಾಡುತ್ತವೆ. ರಾಗಿ ತೆನೆ ಬಲಿಯುವ ಕಾಲಕ್ಕೆ ಆನೇಕಲ್, ಕನಕಪುರ ತಾಲ್ಲೂಕುಗಳ ಅಂಚಿನ ಹೊಲಗಳಿಗೆ ಇಳಿಯುತ್ತವೆ. ವರ್ಷದ ದುಡಿಮೆ ಒಂದೇ ರಾತ್ರಿಯಲ್ಲಿ ಹೋದ ರೈತನಿಗೆ ಆನೆ ವೀಕ್ಷಣೆಯ ವಸ್ತುವಲ್ಲ. ಈ ಘರ್ಷಣೆಯಲ್ಲಿ ಮನುಷ್ಯರೂ ಸಾಯುತ್ತಾರೆ, ಆನೆಗಳೂ ಸಾಯುತ್ತವೆ.

ಅಂಚಿನ ಹೊರಗೆ ಏನಿರಬೇಕೆಂಬ ಪ್ರಶ್ನೆ ಮುಖ್ಯವಾಗುವುದು ಇಲ್ಲಿಯೇ. ಹೊಸ ಕಲ್ಲುಗಣಿ, ಮಾಲಿನ್ಯಕಾರಕ ಕೈಗಾರಿಕೆಗಳನ್ನು ದೂರವಿಡಲು ರಕ್ಷಿತ ಕಾಡಿನ ಸುತ್ತ ‘ಪರಿಸರ ಸೂಕ್ಷ್ಮ ವಲಯ’ವನ್ನು ಗುರುತಿಸುತ್ತಾರೆ. ಬನ್ನೇರುಘಟ್ಟಕ್ಕೆ 2016ರ ಕರಡು ಅಧಿಸೂಚನೆ ಸೂಚಿಸಿದ್ದು 268.96 ಚದರ ಕಿ.ಮೀ. 2020ರ ಅಂತಿಮ ಅಧಿಸೂಚನೆಯಲ್ಲಿ ಅದು 168.84 ಚದರ ಕಿ.ಮೀ.ಗೆ ಇಳಿಯಿತು, ವಲಯದ ಅಗಲ 100 ಮೀಟರಿನಿಂದ 1 ಕಿ.ಮೀ. ಮಾತ್ರ. ಆನೆಯ ಹೆಜ್ಜೆಗೆ 100 ಮೀಟರ್ ಎಂದರೆ ಒಂದೆರಡು ನಿಮಿಷದ ದಾರಿ.

ಶಿಕ್ಷಕರು ಇದನ್ನು ತರಗತಿಯಲ್ಲೇ ಪರೀಕ್ಷಿಸಬಹುದು. ಉದ್ಯಾನದ ನಕ್ಷೆಯ ಗೆರೆಯನ್ನು ಗ್ರಾಫ್ ಹಾಳೆಗೆ ಇಳಿಸಿ. ಚೌಕಗಳನ್ನೆಣಿಸಿ ವಿಸ್ತೀರ್ಣವನ್ನೂ, ದಾರವಿಟ್ಟು ಸುತ್ತಳತೆಯನ್ನೂ ಅಳೆಯಿರಿ. ಸುತ್ತಳತೆಯ ವರ್ಗವನ್ನು ವಿಸ್ತೀರ್ಣದ 4π ಪಟ್ಟಿನಿಂದ ಭಾಗಿಸಿ. ವೃತ್ತಕ್ಕೆ ಉತ್ತರ 1. ಮೇಲಿನ ಪಟ್ಟಿಗೆ ಸುಮಾರು 2.75. ಬನ್ನೇರುಘಟ್ಟಕ್ಕೆ ಎಷ್ಟು ಬರುತ್ತದೆ? ಮುಂದಿನ ಪ್ರವಾಸಕ್ಕೆ ಹೊರಡುವ ಮೊದಲು ಮಕ್ಕಳೇ ಲೆಕ್ಕಹಾಕಿ ನೋಡಲಿ.